ಕೋಶದ ಪೊರೆ, ಕೊಲೆಸ್ಟ್ರಾಲ್ ಮತ್ತು ಅಪ್ಪ ಬಿಟ್ಟ ಮಾತ್ರೆಗಳು: ನಮ್ಮ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ವಿಜಯಪುರದ ಡಾಕ್ಟರ್ ಸರ್ ಬಂದಿದ್ದಾರೆ. ಮೆಡಿಕಲ್ ವಿದ್ಯಾರ್ಥಿಗಳಿಗೆ ಬಯೋಕೆಮಿಸ್ಟ್ರಿ ಕಲಿಸುತ್ತಾರೆ. ಇವತ್ತಿನ ವಿಷಯ ಜೀವಕೋಶದ ಪೊರೆ ಮತ್ತು ಲಿಪಿಡ್ ರಾಫ್ಟ್. ಪ್ರಶ್ನೆ ಕೇಳುವವರು ನಿಮ್ಮ ಊರಿನ ಹೆಸರು ಹಾಕಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಬಾಗಲಕೋಟೆ, ಬಿ.ಎಸ್ಸಿ. ವಿದ್ಯಾರ್ಥಿನಿ: ಸರ್, ಲಿಪಿಡ್ ರಾಫ್ಟ್ ಅಂದರೆ ಪೊರೆಯಲ್ಲಿ ತೇಲುವ ತೆಪ್ಪ ಅಂತ ನೋಟ್ಸ್‌ನಲ್ಲಿದೆ. ಅದನ್ನು ಯಾರಾದರೂ ಕಣ್ಣಾರೆ ನೋಡಿದ್ದಾರಾ?

ಡಾಕ್ಟರ್: ತಂಗಿ, ತೆಪ್ಪ ಅನ್ನುವ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ತೆಪ್ಪ ಬೇರೆ, ನೀರು ಬೇರೆ. ಇಲ್ಲಿ ತೆಪ್ಪವೂ ಪೊರೆಯೇ. ಅರ್ಧ ಕರಗಿದ ತುಪ್ಪ ನೋಡಿದ್ದೀರಲ್ಲ, ಅಲ್ಲಲ್ಲಿ ಹರಳು, ಸುತ್ತ ತಿಳಿ ತುಪ್ಪ. ಪೊರೆಯಲ್ಲಿ ಕೊಲೆಸ್ಟ್ರಾಲ್ ಮತ್ತು ಸ್ಫಿಂಗೋಲಿಪಿಡ್ ಎಂಬ ಲಿಪಿಡ್, ಅಂದರೆ ಕೊಬ್ಬಿನಂಥ ವಸ್ತು, ಹಾಗೆ ಒತ್ತಾಗಿ ಕೂಡುತ್ತವೆ. ಆದರೆ ಹರಳಿನಷ್ಟು ಗಟ್ಟಿ ಆಗುವುದಿಲ್ಲ, ಒಳಗೂ ಓಡಾಟ ಇರುತ್ತದೆ. ಕೆಲವು ಪ್ರೋಟೀನುಗಳು ಅಲ್ಲೇ ಸೇರಿ ಹೊರಗಿನ ಸುದ್ದಿಯನ್ನು ಕೋಶದ ಒಳಗೆ ಮುಟ್ಟಿಸುತ್ತವೆ. ಕಾಲರಾ ವಿಷ ಕರುಳಿನ ಕೋಶಕ್ಕೆ ಅಂಟುವುದು ಜಿಎಂ1 ಎಂಬ ಲಿಪಿಡ್ ಹಿಡಿದು. ಅದೂ ಇಂಥ ಜಾಗದಲ್ಲೇ ಜಾಸ್ತಿ.

1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಎಂಬ ವಿಜ್ಞಾನಿಗಳು ಪೊರೆ ದ್ರವದಂತೆ ಹರಿದಾಡುತ್ತದೆ ಎಂದರು. 1997ರಲ್ಲಿ ಸೈಮನ್ಸ್ ಮತ್ತು ಇಕೋನೆನ್ ಅದರೊಳಗೆ ರಾಫ್ಟ್ ಇವೆ, ಅವಕ್ಕೆ ಕೆಲಸವೂ ಇದೆ ಎಂದರು. ಜಗಳ ಇರುವುದು ನೋಡುವ ವಿಷಯಕ್ಕೆ. ರಾಫ್ಟ್ ಗಾತ್ರ ಸುಮಾರು 10ರಿಂದ 200 ನ್ಯಾನೋಮೀಟರ್. ಕಾಲೇಜಿನ ಮೈಕ್ರೋಸ್ಕೋಪ್ 200ರ ಆಸುಪಾಸಿನಲ್ಲೇ ಸೋಲುತ್ತದೆ. ಮೊದಲೆಲ್ಲ ತಣ್ಣಗಿಟ್ಟ ಕೋಶಕ್ಕೆ ಟ್ರೈಟಾನ್ ಎಂಬ ಸೋಪಿನಂಥದ್ದು ಹಾಕಿ, ಕರಗದೆ ಉಳಿದಿದ್ದನ್ನು ರಾಫ್ಟ್ ಅಂದರು. ಆದರೆ ತಣ್ಣಗೆ ಮಾಡಿ ಸೋಪು ಹಾಕಿದ್ದಕ್ಕೇ ಅವು ಕೂಡಿರಬಹುದು ಅಲ್ವಾ? ಪರೀಕ್ಷೆಯಲ್ಲಿ ಈ ಅನುಮಾನವನ್ನೂ ಬರೆಯಿರಿ.

ಇಂಡಿ: ಸರ್, ಅಪ್ಪಾಜಿಗೆ 63 ವರ್ಷ. ನಾಲ್ಕು ತಿಂಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. 'ಸ್ಟ್ಯಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ಕೋಶದ ರಾಫ್ಟ್ ಒಡೆಯುತ್ತದೆ, ಮೆದುಳು ಒಣಗುತ್ತದೆ, ಲಿಂಬೆ ಬೆಳ್ಳುಳ್ಳಿ ರಸ ಸಾಕು' ಅಂತ ಒಂದು ಫಾರ್ವರ್ಡ್ ಬಂತು. ಹತ್ತು ದಿನದಿಂದ ಮಾತ್ರೆ ಬಿಟ್ಟಿದ್ದಾರೆ. ತೊಡೆ ನೋವು ಇಳಿದಿದೆ ಅಂತಾರೆ. ಫಾರ್ವರ್ಡ್ ನಿಜವೇ?

ಡಾಕ್ಟರ್: ಆ ಮಾತು ಆಮೇಲೆ. ಬಿಟ್ಟಿದ್ದು ಕೊಲೆಸ್ಟ್ರಾಲ್ ಮಾತ್ರೆ ಒಂದೇನಾ? ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಗಳನ್ನೂ ಬಿಟ್ಟಿದ್ದಾರಾ? ಬೇಗ ಹೇಳಿ.

ಮುಧೋಳ: ಸರ್, ಪೊರೆಗೆ ಕುಸುಬಿ ಎಣ್ಣೆ ಒಳ್ಳೆಯದೋ ಶೇಂಗಾ ಎಣ್ಣೆಯೋ?

ಡಾಕ್ಟರ್: ಎರಡೂ ನಡೆಯುತ್ತವೆ. ಅಳತೆ ಮೀರಬೇಡಿ.

ಗೋಕಾಕ: ಗಾಣದ ಎಣ್ಣೆ ತಿಂದವರಿಗೆ ಹಾರ್ಟ್ ಅಟ್ಯಾಕ್ ಇರಲೇ ಇಲ್ಲ. ನಮ್ಮ ಅಜ್ಜ 90 ವರ್ಷ ಬದುಕಿದರು.

ಜಮಖಂಡಿ: ಅಣ್ಣಾರೆ, ನಿಮ್ಮ ಅಜ್ಜ ದಿನಾ ಹೊಲಕ್ಕೆ ನಡೆದು ಹೋಗುತ್ತಿದ್ದರು. ನಾವು ಬೈಕಿನಲ್ಲಿ ಹೋಗುತ್ತೇವೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗೋಕಾಕ: ನಾಲ್ಕು ಅಕ್ಷರ ಕಲಿತವರಿಗೆ ಹಿರಿಯರ ಮಾತು ಬೇಡ.

ಜಮಖಂಡಿ: ನನ್ನ ಅಪ್ಪನೂ ಗಾಣದ ಎಣ್ಣೆಯನ್ನೇ ತಿಂದವರು. 54ಕ್ಕೆ ಹೋದರು. ಸುಮ್ನೆ ಏನೇನೋ ಹೇಳಬೇಡಿ.

ಇಂಡಿ: ಎಲ್ಲಾ ಮಾತ್ರೆ ಬಿಟ್ಟಿದ್ದಾರೆ ಸರ್. ಒಂದೂ ತಗೋತಿಲ್ಲ.

ಡಾಕ್ಟರ್: ಹಾಗಾದರೆ ಗಮನ ಕೊಟ್ಟು ಓದಿ. ಈಗಲೇ ಸ್ಟೆಂಟ್ ಹಾಕಿದ ಡಾಕ್ಟರಿಗೆ ಫೋನ್ ಮಾಡಿ. ಹತ್ತು ದಿನ ಬಿಟ್ಟಿದ್ದನ್ನು ಮುಚ್ಚಿಡಬೇಡಿ. ಯಾವ ಮಾತ್ರೆ, ಎಷ್ಟು, ಹೇಗೆ ಶುರು ಮಾಡಬೇಕು ಅಂತ ಅವರಿಂದಲೇ ಕೇಳಿ. ಹೊಸ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ನಾಳ ಒಮ್ಮೆಲೇ ಮುಚ್ಚುತ್ತದೆ. ಎದೆ ಬಿಗಿತ, ತಣ್ಣನೆ ಬೆವರು, ಉಸಿರಿನ ತೊಂದರೆ, ಕೈಗೋ ದವಡೆಗೋ ನೋವು ಬಂದರೆ ತಡ ಮಾಡದೆ 108.

ಈಗ ಫಾರ್ವರ್ಡ್ ವಿಷಯ. ರಾಫ್ಟ್‌ಗೆ ಕೊಲೆಸ್ಟ್ರಾಲ್ ಬೇಕು, ಅಷ್ಟು ನಿಜ. ಲ್ಯಾಬ್‌ನಲ್ಲಿ ಸೈಕ್ಲೋಡೆಕ್ಸ್‌ಟ್ರಿನ್ ಎಂಬ ರಾಸಾಯನಿಕ ಹಾಕಿ ಪೊರೆಯ ಕೊಲೆಸ್ಟ್ರಾಲ್ ಎಳೆದರೆ ರಾಫ್ಟ್ ಕೆಡುತ್ತವೆ. ಅದು ತಟ್ಟೆಯಲ್ಲಿ ಬೆಳೆಸಿದ ಕೋಶದ ಮಾತು. ಸ್ಟ್ಯಾಟಿನ್ ಮಾಡುವ ಕೆಲಸವೇ ಬೇರೆ. ಅದು ಮುಖ್ಯವಾಗಿ ಲಿವರ್ ಕೊಲೆಸ್ಟ್ರಾಲ್ ತಯಾರಿಸುವುದನ್ನು ತಗ್ಗಿಸುತ್ತದೆ. ಆಗ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಅನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ದೇಹದ ಬಹುತೇಕ ಕೋಶಗಳು ತಮಗೆ ಬೇಕಾದ ಕೊಲೆಸ್ಟ್ರಾಲನ್ನು ತಾವೇ ಮಾಡಿಕೊಳ್ಳಬಲ್ಲವು. ಮೆದುಳು ರಕ್ತದ ಕೊಲೆಸ್ಟ್ರಾಲನ್ನು ಕಾಯುವುದೇ ಇಲ್ಲ, ತನ್ನದನ್ನು ತಾನೇ ತಯಾರಿಸುತ್ತದೆ. ತೊಡೆ ನೋವನ್ನು ನಾನು ತಳ್ಳಿಹಾಕುವುದಿಲ್ಲ. ಸ್ಟ್ಯಾಟಿನ್‌ನಿಂದ ಕೆಲವರಿಗೆ ಹಾಗಾಗುತ್ತದೆ. ರಕ್ತ ಪರೀಕ್ಷೆ ಇದೆ, ಡೋಸ್ ಇಳಿಸಬಹುದು, ಬೇರೆ ಮಾತ್ರೆಯೂ ಇದೆ. ಲಿಂಬೆ ಬೆಳ್ಳುಳ್ಳಿ ಊಟದಲ್ಲಿ ಇರಲಿ. ಸ್ಟೆಂಟ್ ಕಾಯುವ ಕೆಲಸ ಅದರದ್ದಲ್ಲ.

ಚಿಕ್ಕೋಡಿ: ಅವ್ವನಿಗೆ ಥೈರಾಯ್ಡ್ ಇದೆ. ಕೋಸು ತಿನ್ನಬಹುದಾ ಸರ್?

ಬೈಲಹೊಂಗಲ: ಸರ್, ಎಣ್ಣೆ ಯಾವುದು ಒಳ್ಳೆಯದು?

ಡಾಕ್ಟರ್: ಮೇಲೆ ಓದಿ.

ಗೋಕಾಕ: ಸಾಹೇಬರೆ, ಮಾತ್ರೆ ಕಂಪನಿಗಳು ಕೊಲೆಸ್ಟ್ರಾಲ್ ಭಯ ಹುಟ್ಟಿಸಿವೆ ಅಂತ ಈ ವಿಡಿಯೋದಲ್ಲಿ…

ಡಾಕ್ಟರ್: ವಿಡಿಯೋ ಅಳಿಸಿ. ನಾಲ್ಕು ತಿಂಗಳ ಸ್ಟೆಂಟ್ ಇದ್ದವರು ಇಂಥದ್ದನ್ನು ನಂಬಿ ಮಾತ್ರೆ ಬಿಟ್ಟಿದ್ದಾರೆ. ಅವರ ಮಗ ಇಲ್ಲೇ ಇದ್ದಾರೆ. ಅವರ ಮುಂದೆ ಮತ್ತೆ ಅದನ್ನೇ ಹಾಕುತ್ತೀರಾ?

ಮುಧೋಳ: ರಾಫ್ಟ್ ಸರಿ ಮಾಡುವ ಲೆಸಿಥಿನ್ ಕ್ಯಾಪ್ಸೂಲ್ ತಗೋಬಹುದಾ?

ಡಾಕ್ಟರ್: ಬೇಡ. ದುಡ್ಡು ದಂಡ.

ಜಮಖಂಡಿ: ಅಡ್ಮಿನ್, ಗೋಕಾಕದವರನ್ನು ತೆಗೆಯಿರಿ.

ಗೋಕಾಕ: ನೀನ್ಯಾರು ಹೇಳೋಕೆ?

ಅಡ್ಮಿನ್: ಇಬ್ಬರೂ ಸುಮ್ಮನಿರಿ.

ಇಂಡಿ: ಡಾಕ್ಟರ್ ಫೋನಿಗೆ ಸಿಕ್ಕರು ಸರ್. ನಾಳೆ ಬೆಳಿಗ್ಗೆ ಕರೆದುಕೊಂಡು ಬನ್ನಿ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಈಗಲೇ ಕೊಡಿ ಅಂದರು, ಡೋಸೂ ಹೇಳಿದರು. ಆದರೆ ಅಪ್ಪಾಜಿ ಬೇಡ ಅಂತಾರೆ. ಆ ಮೆಸೇಜ್ ತೋರಿಸುತ್ತಾರೆ.

ಡಾಕ್ಟರ್: ಫೋನ್ ಅವರ ಕೈಗೆ ಕೊಡಿ. ನಾನೇ ಮಾತಾಡುತ್ತೇನೆ.