ಕೊನೆಯ ಕಂತು ಬಾಕಿ ಇರುವಾಗ ಜಾಲತಾಣದ ಕೋಡ್ ಯಾರಿಗೆ ಸೇರಿದ್ದು? ಕರಾರಿನಲ್ಲಿ ಏನಿರಬೇಕು?

ಪ್ರಶ್ನೆ: ಡೆವಲಪರ್, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಸ್ವತಂತ್ರವಾಗಿ ಜಾಲತಾಣಗಳನ್ನು ರೂಪಿಸಿಕೊಡುವ ಕೆಲಸ ಮಾಡುತ್ತೇನೆ. ಚಿಕ್ಕಮಗಳೂರು ಜಿಲ್ಲೆಯ ಕಾಫಿಪುಡಿ ವ್ಯಾಪಾರಿಯೊಬ್ಬರಿಗೆ ಆನ್‌ಲೈನ್ ಮಾರಾಟದ ತಾಣ ಮಾಡಿಕೊಡಲು ಒಪ್ಪಿಕೊಂಡಾಗ ನಮ್ಮ ನಡುವೆ ಇದ್ದದ್ದು ಒಂದು ಪುಟದ ಕೊಟೇಷನ್ ಮತ್ತು ಅದಕ್ಕೆ ಅವರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ "ಸರಿ, ಕೆಲಸ ಶುರು ಮಾಡಿ" ಎಂಬ ಉತ್ತರ. ಒಟ್ಟು 90,000 ರೂಪಾಯಿಯಲ್ಲಿ ಎರಡು ಕಂತುಗಳಾಗಿ 60,000 ಬಂದಿದೆ. ಉಳಿದದ್ದನ್ನು "ಜಾಲತಾಣ ಪೂರ್ಣಗೊಂಡ ಮೇಲೆ" ಕೊಡಬೇಕೆಂದು ಕೊಟೇಷನ್‌ನಲ್ಲಿ ಬರೆದಿದೆ.

ತಾಣ ಈಗ ಚಾಲನೆಯಲ್ಲಿದೆ, ಆರ್ಡರ್‌ಗಳೂ ಬರುತ್ತಿವೆ. ಆದರೆ ಪಿನ್‌ಕೋಡ್‌ಗೆ ತಕ್ಕಂತೆ ಕೊರಿಯರ್ ವೆಚ್ಚ ಲೆಕ್ಕ ಹಾಕುವ ವ್ಯವಸ್ಥೆ ಮತ್ತು ಸಗಟು ಖರೀದಿದಾರರಿಗೆ ಬೇರೆ ದರ ತೋರಿಸುವ ವ್ಯವಸ್ಥೆ ಸೇರಿದರೆ ಮಾತ್ರ ಕೆಲಸ ಪೂರ್ಣಗೊಂಡಂತೆ ಎಂದು ಅವರು ಹೇಳುತ್ತಿದ್ದಾರೆ. ಇವೆರಡೂ ಕೊಟೇಷನ್‌ನಲ್ಲಿ ಇರಲಿಲ್ಲ. ಸೋರ್ಸ್ ಕೋಡ್ ತಮ್ಮದೇ ಆಗಿರುವುದರಿಂದ ಅದನ್ನೂ ಈಗಲೇ ಒಪ್ಪಿಸಬೇಕೆನ್ನುತ್ತಾರೆ. ಹೋಸ್ಟಿಂಗ್ (ತಾಣವನ್ನು ಇರಿಸುವ ಸರ್ವರ್ ಸೇವೆ) ಅವರ ಖಾತೆಯಲ್ಲಿದೆ, ಅಡ್ಮಿನ್ ಪಾಸ್‌ವರ್ಡ್ ನನ್ನ ಬಳಿಯೂ ಇದೆ, ಡೊಮೇನ್ (ತಾಣದ ವಿಳಾಸ) ನನ್ನ ಹೆಸರಿನಲ್ಲಿದೆ. ಹಣ ಬರುವ ತನಕ ತಾಣವನ್ನು ನಿಲ್ಲಿಸುವ ಅಧಿಕಾರ ನನಗಿದೆಯೇ? ಮುಂದಿನ ಗ್ರಾಹಕರೊಂದಿಗೆ ಕರಾರು ಮಾಡಿಕೊಳ್ಳುವಾಗ ಯಾವ ಷರತ್ತುಗಳು ಇರಲೇಬೇಕು?

ಉತ್ತರ: ವಕೀಲರು, ಬೆಂಗಳೂರು

ಮೊದಲಿಗೆ, ದಯವಿಟ್ಟು ತಾಣವನ್ನು ನಿಲ್ಲಿಸಬೇಡಿ. ಹೋಸ್ಟಿಂಗ್ ಖಾತೆ ಅವರದು. ಕೆಲಸ ಮಾಡುವುದಕ್ಕೆಂದು ಕೊಟ್ಟ ಪಾಸ್‌ವರ್ಡ್ ಬಳಸಿ ಅವರಿಗೇ ಪ್ರವೇಶ ಸಿಗದಂತೆ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಸೆಕ್ಷನ್ ನಿಮ್ಮ ವಿರುದ್ಧವೇ ತಿರುಗಬಹುದು. ಇಂದು ನೀವು ಹಣ ಕೇಳಬೇಕಾದವರು. ನಾಳೆ ಪರಿಹಾರ ಕೊಡಬೇಕಾದವರಾಗಬಹುದು.

ಕರಾರೇ ಇಲ್ಲ ಎಂಬ ಆತಂಕ ಬೇಡ. 1872ರ ಭಾರತೀಯ ಒಪ್ಪಂದ ಕಾಯ್ದೆಯ ಪ್ರಕಾರ ಒಪ್ಪಂದಕ್ಕೆ ಪ್ರಸ್ತಾವ, ಒಪ್ಪಿಗೆ ಮತ್ತು ಪ್ರತಿಫಲ ಬೇಕು. ಎಲ್ಲ ಒಪ್ಪಂದಗಳೂ ಕಾಗದದ ಮೇಲೆ ಇರಬೇಕೆಂದು ಅದು ಹೇಳುವುದಿಲ್ಲ. ಎಲೆಕ್ಟ್ರಾನಿಕ್ ರೂಪದಲ್ಲಿ ಆದ ಒಪ್ಪಂದವನ್ನು ಆ ಕಾರಣಕ್ಕಾಗಿಯೇ ತಳ್ಳಿಹಾಕುವಂತಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಸ್ಪಷ್ಟಪಡಿಸಿದೆ. ನಿಮ್ಮ ಕೊಟೇಷನ್, ಅವರ ಉತ್ತರ ಮತ್ತು ಬ್ಯಾಂಕಿಗೆ ಜಮೆಯಾದ ಎರಡು ಕಂತುಗಳು ಸೇರಿ ಒಪ್ಪಂದವನ್ನು ಸಾಬೀತುಪಡಿಸಲು ಬಲವಾದ ಆಧಾರವಾಗುತ್ತವೆ. ಸಂದೇಶಗಳನ್ನು ಅಳಿಸಬೇಡಿ, ಫೋನ್ ಬದಲಾಯಿಸುವುದಾದರೆ ಹಳೆಯದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನ್ಯಾಯಾಲಯಕ್ಕೆ ಹೋಗುವ ಪರಿಸ್ಥಿತಿ ಬಂದರೆ ಅವುಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ.

ಇನ್ನು ಕೋಡ್ ವಿಷಯ. "ಹಣ ಕೊಟ್ಟವರು ನಾವು, ಆದ್ದರಿಂದ ಕೋಡ್ ನಮ್ಮದು" ಎಂಬ ನಂಬಿಕೆ ವ್ಯಾಪಾರಿಗಳಲ್ಲಿ ಬಹಳ ಗಟ್ಟಿಯಾಗಿದೆ, ಆದರೆ ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೆಂದೇ ಪರಿಗಣಿತವಾಗಿದೆ. ಸಂಬಳದ ನೌಕರ ಬರೆದದ್ದು ಮಾಲೀಕನಿಗೆ ಸೇರುತ್ತದೆ. ಸ್ವತಂತ್ರವಾಗಿ ಕೆಲಸ ಮಾಡುವವರು ಬರೆದ ಕೋಡ್‌ಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆದವರೇ ಮೊದಲ ಒಡೆಯರು. ಹಕ್ಕು ವರ್ಗಾವಣೆಯಾಗಬೇಕಾದರೆ 19ನೇ ಸೆಕ್ಷನ್ ಪ್ರಕಾರ ಅದು ಬರವಣಿಗೆಯಲ್ಲಿದ್ದು, ಕೊಡುವವರ ಸಹಿ ಅದಕ್ಕಿರಬೇಕು. ಅವಧಿ ನಮೂದಿಸದಿದ್ದರೆ ಅದನ್ನು 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ತಿಳಿಯಲಾಗುತ್ತದೆ. ಹಣ ಪೂರ್ತಿ ಕೊಟ್ಟ ಗ್ರಾಹಕರೂ ಈ ಎರಡು ಪದಗಳನ್ನು ಬರೆಸದೆ ಬಿಟ್ಟಿರುವುದನ್ನು ನಾನು ಹಲವು ಕಡತಗಳಲ್ಲಿ ಕಂಡಿದ್ದೇನೆ. ತಾಣವನ್ನು ಬಳಸುವ ಅನುಮತಿ ನಿಮ್ಮ ಗ್ರಾಹಕರಿಗೆ ಸಂದರ್ಭದಿಂದಲೇ ದೊರೆತಿದೆ ಎಂದು ಅವರು ವಾದಿಸಬಹುದು. ಒಡೆತನ ದೊರೆತಿದೆ ಎಂದು ವಾದಿಸುವುದು ಕಷ್ಟ.

ಉತ್ತರ: ಹಾರ್ಡ್‌ವೇರ್ ಅಂಗಡಿ ಮಾಲೀಕರು, ಹುಬ್ಬಳ್ಳಿ

ಗ್ರಾಹಕರ ಕಡೆಯಿಂದಲೂ ಒಂದು ಮಾತು ಹೇಳಬೇಕೆನಿಸಿತು. ಡೊಮೇನ್ ನಿಮ್ಮ ಹೆಸರಿನಲ್ಲಿ ಇರುವುದು ಸರಿಯಲ್ಲ. ಅಂಗಡಿಯ ಬೋರ್ಡು, ವಿಸಿಟಿಂಗ್ ಕಾರ್ಡು, ಬಿಲ್ಲು, ಪೊಟ್ಟಣ, ಎಲ್ಲದರ ಮೇಲೂ ಆ ವಿಳಾಸವೇ ಅಚ್ಚಾಗಿರುತ್ತದೆ. ನವೀಕರಣದ ದಿನ ಡೆವಲಪರ್ ಫೋನ್ ಎತ್ತದಿದ್ದರೆ ತಾಣದ ಜೊತೆ ಆ ಹೆಸರಿನ ಇಮೇಲ್ ಕೂಡ ನಿಂತುಹೋಗುತ್ತದೆ. ನಮ್ಮಂಥವರು ಹಣ ಹಿಡಿದುಕೊಳ್ಳುವುದು ಬಹಳ ಸಲ ಈ ಭಯದಿಂದಲೇ ಹೊರತು ಕೊಡಬಾರದೆಂಬ ದುರುದ್ದೇಶದಿಂದಲ್ಲ. ಡೊಮೇನ್, ಹೋಸ್ಟಿಂಗ್, ಪೇಮೆಂಟ್ ಗೇಟ್‌ವೇ ಮೂರೂ ಮೊದಲ ದಿನದಿಂದಲೇ ವ್ಯಾಪಾರಿಯ ಹೆಸರು ಮತ್ತು ಅವರದೇ ಇಮೇಲ್‌ನಲ್ಲಿ ಇರಲಿ, ಡೆವಲಪರ್‌ಗೆ ಪ್ರತ್ಯೇಕ ಲಾಗಿನ್ ಕೊಡಲಿ.

ಉತ್ತರ: ಹಿರಿಯ ಡೆವಲಪರ್, ಮಂಗಳೂರು

ಹುಬ್ಬಳ್ಳಿಯವರು ಹೇಳಿದ್ದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ನಮ್ಮ ಹಣಕ್ಕೆ ಭದ್ರತೆ ಬೇಕಾದರೆ ಅದು ಕರಾರಿನಲ್ಲಿ ಇರಬೇಕು, ಗ್ರಾಹಕರ ಡೊಮೇನ್ ಹಿಡಿದಿಟ್ಟುಕೊಳ್ಳುವುದರಲ್ಲಿ ಅಲ್ಲ.

ನಿಮ್ಮ ತೊಂದರೆಯ ಮೂಲ "ಪೂರ್ಣಗೊಂಡ ಮೇಲೆ" ಎಂಬ ಎರಡು ಪದಗಳು. ಪೂರ್ಣಗೊಂಡಿದೆ ಎಂದು ತೀರ್ಮಾನಿಸುವವರು ಯಾರು, ಯಾವಾಗ ಎಂಬುದನ್ನು ಬರೆಯದೆ ಬಿಟ್ಟರೆ ಕೊನೆಯ ಕಂತು ಎಂದಿಗೂ ಬಾಕಿಯೇ. ನಾನು ಬಳಸುವ ಷರತ್ತು ಹೀಗಿದೆ: "ಅನುಬಂಧದಲ್ಲಿ ಪಟ್ಟಿ ಮಾಡಿದ ಪುಟಗಳು ಮತ್ತು ಸೌಲಭ್ಯಗಳನ್ನು ಪರೀಕ್ಷಾ ವಿಳಾಸದಲ್ಲಿ ಒಪ್ಪಿಸಿದ ದಿನದಿಂದ 10 ದಿನಗಳ ಒಳಗೆ ಗ್ರಾಹಕರು ದೋಷಗಳನ್ನು ಇಮೇಲ್ ಮೂಲಕ ತಿಳಿಸತಕ್ಕದ್ದು. ತಿಳಿಸದಿದ್ದರೆ, ಅಥವಾ ತಾಣವನ್ನು ಸಾರ್ವಜನಿಕ ಬಳಕೆಗೆ ತೆರೆದರೆ, ಕೆಲಸ ಸ್ವೀಕೃತವಾದಂತೆ." ಅನುಬಂಧದಲ್ಲಿ "ಇ-ಕಾಮರ್ಸ್ ಸೌಲಭ್ಯ" ಎಂದು ಬರೆದರೆ ಸಾಲದು, ಕೊರಿಯರ್ ವೆಚ್ಚ ಒಂದೇ ದರವೋ ಪಿನ್‌ಕೋಡ್‌ವಾರು ದರವೋ, ಉತ್ಪನ್ನಗಳ ಚಿತ್ರ ಮತ್ತು ವಿವರವನ್ನು ಯಾರು ತುಂಬುತ್ತಾರೆ ಎಂಬುದೂ ಇರಬೇಕು. ಅದರಲ್ಲಿ ಇಲ್ಲದ್ದನ್ನು ಗ್ರಾಹಕರು ಕೇಳಿದರೆ ಹೆಚ್ಚುವರಿ ದರ ಮತ್ತು ದಿನಗಳನ್ನು ಬರೆದು ಕಳುಹಿಸಿ, ಅವರ ಒಪ್ಪಿಗೆ ಬಂದ ಮೇಲೆಯೇ ಕೈಹಾಕುತ್ತೇನೆ. ಮೊದಲ ಸಲ ಕೆಲವರಿಗೆ ಬೇಸರವಾಗುತ್ತದೆ, ಆದರೆ ಯಾವುದಕ್ಕೆ ಎಷ್ಟು ಹಣ ಎಂದು ಗೊತ್ತಾದಾಗ ಸಂಬಂಧ ಹೆಚ್ಚು ಕಾಲ ಉಳಿಯುತ್ತದೆ.

ಕೃತಿಸ್ವಾಮ್ಯದ ಷರತ್ತನ್ನು ಕೊನೆಯ ಕಂತಿಗೆ ಜೋಡಿಸಿ: ಹಣ ಪೂರ್ತಿ ಸಂದಾಯವಾದ ದಿನ ಆ ಗ್ರಾಹಕರಿಗಾಗಿಯೇ ಬರೆದ ಕೋಡ್ ಮತ್ತು ವಿನ್ಯಾಸದ ಹಕ್ಕು ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ ಅವರಿಗೆ ವರ್ಗಾವಣೆಯಾಗುತ್ತದೆ, ಅಲ್ಲಿಯವರೆಗೆ ಬಳಕೆಯ ಅನುಮತಿ ಮಾತ್ರ. ವರ್ಡ್‌ಪ್ರೆಸ್‌ನಂತಹ ಮುಕ್ತ ತಂತ್ರಾಂಶ, ಖರೀದಿಸಿದ ಥೀಮ್, ಫಾಂಟ್, ಚಿತ್ರಗಳು ಅವುಗಳದೇ ಪರವಾನಗಿಗೆ ಒಳಪಡುತ್ತವೆ ಎಂಬುದನ್ನು ಸೇರಿಸಿ, ಏಕೆಂದರೆ ನಮ್ಮದಲ್ಲದ್ದನ್ನು ನಾವು ವರ್ಗಾಯಿಸಲಾಗದು. ನಿರ್ವಹಣೆಗೆ ಬೇರೆಯದೇ ಕರಾರು ಮಾಡಿಕೊಳ್ಳುವುದು ಒಳ್ಳೆಯದು.

ನೀವು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿದ್ದೀರಾ? ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ದೊಡ್ಡ ಆಸರೆ. ಕರಾರಿನಲ್ಲಿ ಏನೇ ಬರೆದಿದ್ದರೂ ಪಾವತಿಯ ಅವಧಿ ಸ್ವೀಕೃತಿಯ ದಿನದಿಂದ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ಕೊಡಬೇಕು. ಸೇವೆ ಒಪ್ಪಿಸಿದ 15 ದಿನಗಳ ಒಳಗೆ ಬರವಣಿಗೆಯಲ್ಲಿ ಆಕ್ಷೇಪ ಬರದಿದ್ದರೆ ಒಪ್ಪಿಸಿದ ದಿನವೇ ಸ್ವೀಕೃತಿಯ ದಿನ ಎಂದು ಆ ಕಾಯ್ದೆಯೇ ಹೇಳುತ್ತದೆ. ತಾಣ ಒಪ್ಪಿಸಿದ ಮೇಲೆ ನಿಮ್ಮ ಗ್ರಾಹಕರು ಬರವಣಿಗೆಯಲ್ಲಿ ಏನು ಕಳುಹಿಸಿದ್ದರು ಎಂಬುದನ್ನು ಮೊದಲು ಹುಡುಕಿ ನೋಡಿ.

ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನನ್ನ ಉದ್ಯಮ್ ನೋಂದಣಿ ಈ ಕೆಲಸಕ್ಕಿಂತ ಮೊದಲೇ ಆಗಿದೆ. ಡೊಮೇನನ್ನು ಅವರ ಹೆಸರಿಗೆ ವರ್ಗಾಯಿಸುವುದಾಗಿ ಇಂದೇ ಇಮೇಲ್ ಬರೆಯುತ್ತೇನೆ. ಮುಂದಿನ ಕರಾರುಗಳನ್ನು ಛಾಪಾ ಕಾಗದದ ಮೇಲೆಯೇ ಬರೆಯಬೇಕೇ?

ಉತ್ತರ: ವಕೀಲರು, ಬೆಂಗಳೂರು

ಇ-ಸ್ಟ್ಯಾಂಪ್ ಪಡೆದು ಅದರೊಂದಿಗೆ ಸಹಿ ಮಾಡಿಸುವುದು ಉತ್ತಮ. ಮುದ್ರಾಂಕ ಶುಲ್ಕ ಕಟ್ಟದ ಮಾತ್ರಕ್ಕೆ ಕರಾರು ಅಸಿಂಧುವಾಗುವುದಿಲ್ಲ. ಆದರೆ ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಶುಲ್ಕ ಮತ್ತು ದಂಡ ಕಟ್ಟುವವರೆಗೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ.

ಆ ಇಮೇಲ್‌ನಲ್ಲಿಯೇ ಕೊಟೇಷನ್‌ನ ಪ್ರತಿ, ತಾಣ ಒಪ್ಪಿಸಿದ ದಿನಾಂಕ ಮತ್ತು ಬಾಕಿ 30,000 ರೂಪಾಯಿಯ ಬಿಲ್ಲನ್ನು ಸೇರಿಸಿ, ಅವರು ಕೇಳಿದ ಎರಡು ಹೊಸ ಸೌಲಭ್ಯಗಳಿಗೆ ಪ್ರತ್ಯೇಕ ದರ ತಿಳಿಸಿ. ಡೊಮೇನ್ ವರ್ಗಾವಣೆಗೆ ಹಣದ ಷರತ್ತು ಹಾಕಬೇಡಿ. ಉತ್ತರ ಬರದಿದ್ದರೆ ನೋಟಿಸ್ ಕಳುಹಿಸಿ, ಆ ನಂತರ ಇಂತಹ ಬಾಕಿ ಹಣದ ವಿವಾದಗಳನ್ನು ನೋಡುವ ಎಂಎಸ್‌ಎಂಇ ಸೌಲಭ್ಯ ಮಂಡಳಿಗೆ ಅರ್ಜಿ ಹಾಕಬಹುದು.