ಪದ ಬೇಕು, ಅರ್ಜೆಂಟ್: ‘ನ್ಯೂರೋಲೀಡರ್‌ಶಿಪ್’

ಎಲ್ಲರಿಗೂ ನಮಸ್ಕಾರ.

ಇಲ್ಲಿನ ಒಂದು ಸಹಕಾರಿ ಸಂಘದವರು ತಮ್ಮ ಬ್ರಾಂಚ್ ಮ್ಯಾನೇಜರುಗಳಿಗೆ ಒಂದು ದಿನದ ತರಬೇತಿ ಇಟ್ಟಿದ್ದಾರೆ. ಬ್ಯಾನರ್ ಮತ್ತು ಕೈಪಿಡಿಯನ್ನು ಕನ್ನಡ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ವಿಷಯ ನ್ಯೂರೋಲೀಡರ್‌ಶಿಪ್. ಮುಂದೆ ನಿಂತವನು ತೀರ್ಮಾನ ಮಾಡುವಾಗ, ನಾಲ್ಕು ಜನ ಸೇರಿ ಕೆಲಸ ಮಾಡುವಾಗ ಮೆದುಳಲ್ಲಿ ಏನಾಗುತ್ತದೆ ಅಂತ ನೋಡಿ, ಅದನ್ನು ಆಫೀಸಿಗೆ ಹೊಂದಿಸುವ ವಿದ್ಯೆ. 2006ರ ಹೊತ್ತಿಗೆ ಡೇವಿಡ್ ರಾಕ್ ಎಂಬವರು ಚಾಲ್ತಿಗೆ ತಂದ ಹೆಸರು.

ನಾನು ‘ನರ ನಾಯಕತ್ವ’ ಅಂತ ಬರೆದು ಕಲ್ಸಂಕದ ಹತ್ತಿರ ಬ್ಯಾನರ್ ಅಂಗಡಿಗೆ ಕೊಟ್ಟೆ. ಹುಡುಗ ಟೈಪ್ ಮಾಡಿ, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಕೇಳಿದ: “ಅಕ್ಕಾ, ಇದು ನರದ ಡಾಕ್ಟ್ರ ಕ್ಯಾಂಪಾ? ಫ್ರೀಯಾ? ಅಮ್ಮನಿಗೆ ಕೈ ಜೋಮು ಹಿಡೀತದೆ.” ಕೇಳುವ ಮೊದಲೇ ಮೂಲೆಯಲ್ಲಿ ಒಂದು ಸ್ಟೆತಸ್ಕೋಪಿನ ಚಿತ್ರವನ್ನೂ ಕೂರಿಸಿ ಆಗಿತ್ತು. ನಿಲ್ಲಿಸಿ ಅಂತ ಹೇಳಿ ಬಂದೆ. ನಾಳೆ ಬೆಳಗ್ಗೆ ಹನ್ನೊಂದಕ್ಕೆ ಅಚ್ಚಿಗೆ ಹೋಗಬೇಕು.

ಇನ್ನೆರಡು ಪದ ಕೈಪಿಡಿಗೆ. ಇಬ್ಬರ ಅಥವಾ ಜಾಸ್ತಿ ಜನರ ಮೆದುಳನ್ನು ಒಂದೇ ಹೊತ್ತಿಗೆ ಅಳೆಯುವ ‘ಹೈಪರ್‌ಸ್ಕ್ಯಾನಿಂಗ್’. ಆಗ ಇಬ್ಬರ ಮೆದುಳಿನ ಏರಿಳಿತ ಒಟ್ಟೊಟ್ಟಿಗೆ ಸಾಗುವಂತೆ ಕಾಣುವ ‘ಸಿಂಕ್ರೊನಿ’. ‘ಸಮಕಾಲಿಕತೆ’ ಮಾತ್ರ ಬೇಡ, ದಯವಿಟ್ಟು. ರಾಕ್ ಹೇಳುವ ಐದು ಅಂಶಗಳಿಗೆ ಮಾನ, ಖಾತ್ರಿ, ಸ್ವಂತ ತೀರ್ಮಾನ, ನಂಟು, ನ್ಯಾಯ ಅಂತ ಹಾಕಿದ್ದೇನೆ. ಅದು ಪರವಾಗಿಲ್ಲ ಅನ್ನಿಸುತ್ತದೆ.

— ಉಡುಪಿ

•

ಮೊದಲಿಗೆ, ಅದು ಮೆದುಳಲ್ಲ, ಮಿದುಳು.

ನ್ಯೂರೋಸಯನ್ಸಿಗೆ ಮಿದುಳರಿಮೆ ಎಂಬ ಚೆಂದದ ಪದ ಇರುವಾಗ ಹುಡುಕಾಟ ಏಕೆ? ‘ಮುಂದಾಳ್ತನದ ಮಿದುಳರಿಮೆ’ ಎಂದು ಬರೆಯಿರಿ. ಹಯ್ಪರ್‌ಸ್ಕ್ಯಾನಿಂಗಿಗೆ ‘ಕೂಡಳತೆ’. ಸಿಂಕ್ರೊನಿಗೆ ‘ಹೊತ್ತೊಂದಿಕೆ’. ನಾಯಕತ್ವ, ವಿಜ್ನಾನ ಎಲ್ಲ ಸಂಸ್ಕ್ರುತದ ಹೊರೆ. ಇದನ್ನು ಹತ್ತು ವರುಶದಿಂದ ಹೇಳುತ್ತಿದ್ದೇನೆ.

— ಮೂಡುಬಿದಿರೆ

•

‘ಹೊತ್ತೊಂದಿಕೆ’ ಅಂದರೆ ಹೊತ್ತಿಗೆ ಸರಿಯಾಗಿ ಊಟಕ್ಕೆ ಬರುವುದು ಅಂತ ನಮ್ಮ ಮನೆಯಲ್ಲಿ ತಿಳಿಯುತ್ತಾರೆ.

— ಕಾರ್ಕಳ

•

ಪ್ರಿಯ ಉಡುಪಿಯವರೆ, ನೀವು ಹೆದರಿ ‘ನರ’ವನ್ನು ಬಿಡಬೇಡಿ. ಬ್ಯಾನರ್ ಹುಡುಗನಿಗೆ ಗೊತ್ತಿಲ್ಲ ಅಂದರೆ ಪದದ ತಪ್ಪೇ? ಇದು ಸಂಸ್ಕೃತದ ‘ಮನುಷ್ಯ’ ಎಂಬ ನರ ಅಲ್ಲ. ಅಪ್ಪಟ ದ್ರಾವಿಡ. ತುಳುವಿನಲ್ಲಿ ನರ, ತಮಿಳಿನಲ್ಲಿ ನರಂಬು, ಮಲಯಾಳದಲ್ಲಿ ಞರಂಬು. ತಮಿಳಿನಲ್ಲಿ ವಾದ್ಯದ ತಂತಿಗೂ ನರಂಬು ಅನ್ನುತ್ತಾರೆ. ಈಗ ಗ್ರೀಕಿಗೆ ಬನ್ನಿ. ನ್ಯೂರಾನ್ ಅಂದರೆ ಬಿಲ್ಲಿನ ಹೆದೆ, ತಂತಿ ಅಂತಲೂ ಅರ್ಥ! ನರ, ನ್ಯೂರ. ಸುಮ್ನೆ ಹೀಗಾಗುತ್ತದೆಯೇ? ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಹಾಳೆಯಲ್ಲಿ ಕನ್ನಡದ ಮಾತಿದೆ ಅಂತ ವಿದ್ವಾಂಸ ಶಾಮಶಾಸ್ತ್ರಿಗಳು ಹೇಳಿದರು, ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಬರೆದರು. ಆ ಕಾಲದ ಹಡಗಿನಲ್ಲಿ ಒಂದು ನರ ಹೋಗಿರಬಾರದೇ?

— ಮಂಗಳೂರು, ಕೊಡಿಯಾಲಬೈಲು

•

ಹೋಗಿಲ್ಲ. ಗ್ರೀಕ್ ನ್ಯೂರಾನಿನ ಬಂಧು ಸಂಸ್ಕೃತದ ಸ್ನಾವನ್, ಸ್ನಾಯು. ನರಂಬು ಬೇರೆ ಮನೆ. ಸದ್ದು ಹೋಲಿದರೆ ನಂಟು ಆಗುವುದಿಲ್ಲ, ಮಾಷ್ಟ್ರೆ. ಸ್ನಾಯುವನ್ನು ನಾವು ಮಸಲ್‌ಗೆ, ಅಂದರೆ ಮಾಂಸಖಂಡಕ್ಕೆ, ಕೊಟ್ಟು ಆಯಿತು, ಅದೂ ಈಗ ಸಿಗುವುದಿಲ್ಲ.

— ಸುರತ್ಕಲ್

•

ಬುಡ ಹುಡುಕುವುದು ಆಮೇಲೆ. ವಸ್ತು ಏನು ಅಂತ ಮೊದಲು ನೋಡುವ, ಅಲ್ವಾ?

ನಾನು ಕೆಲವು ವರ್ಷ ಇಇಜಿ ಟೋಪಿ, ಅಂದರೆ ಮೆದುಳಿನ ವಿದ್ಯುತ್ ಅಲೆ ಅಳೆಯುವ ಟೋಪಿ, ಹಾಕುವ ಕೆಲಸ ಮಾಡಿದವನು. ತಲೆಗೆ ಜೆಲ್ ಹಚ್ಚಿ, ಒಂದೊಂದೇ ಎಲೆಕ್ಟ್ರೋಡಿನ ಕೆಳಗೆ ಕೂದಲು ಸರಿಸಿ ಕೂರಿಸಬೇಕು. ಕಣ್ಣು ಮಿಟುಕಿಸಿದರೆ ಗೆರೆ ಏಳುತ್ತದೆ. ಹಲ್ಲು ಕಚ್ಚಿದರೆ ಪೂರ್ತಿ ಕೆಡುತ್ತದೆ. ಹಾಗಿರುವಾಗ ಆಫೀಸಿನ ಮೀಟಿಂಗ್ ಅಳೆಯುವುದು ಹೇಗೆ? ಅದಕ್ಕೇ ಈಗ ಇನ್ನೊಂದು ಟೋಪಿ ಜಾಸ್ತಿ ಬಳಸುತ್ತಾರೆ. ಅದು ಕೆಂಪಿನಾಚೆಯ ಬೆಳಕನ್ನು ತಲೆಬುರುಡೆಯೊಳಗೆ ಬಿಟ್ಟು, ರಕ್ತದಲ್ಲಿ ಆಮ್ಲಜನಕ ಎಷ್ಟು ಏರಿಳಿಯಿತು ಅಂತ ನೋಡುತ್ತದೆ. ಸ್ವಲ್ಪ ಅಲ್ಲಾಡಿದರೂ ನಡೆಯುತ್ತದೆ. ಎರಡರಲ್ಲೂ ನೋಡುವುದು ಮೆದುಳನ್ನು, ಕೈಕಾಲಿನ ನರವನ್ನಲ್ಲ. ಹಾಗಾಗಿ ‘ನರ’ ಬಿಡಿ.

ಹೈಪರ್‌ಸ್ಕ್ಯಾನಿಂಗ್ ಅನ್ನುವ ಹೆಸರು 2002ರಲ್ಲಿ ಬಂತು. ಇಬ್ಬರನ್ನು ಎರಡು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಒಬ್ಬರೊಡನೆ ಒಬ್ಬರು ಆಟ ಆಡಿಸಿದರು. ‘ಹೈಪರ್’ ಅನ್ನುವುದರಲ್ಲಿ ದೊಡ್ಡದೇನೂ ಇಲ್ಲ. ‘ಜೊತೆಸ್ಕ್ಯಾನ್’ ಅಂದರೆ ಸಾಕು. 2009ರಲ್ಲಿ ಜರ್ಮನಿಯಲ್ಲಿ ಗಿಟಾರ್ ಜೋಡಿಗಳಿಗೆ ಇಇಜಿ ಹಾಕಿ ನೋಡಿದರು. ಒಟ್ಟಿಗೆ ನುಡಿಸುವಾಗ ಇಬ್ಬರ ಅಲೆಗಳೂ ಹೊಂದಿಕೊಂಡವು. ಇದಕ್ಕೆ ನಮ್ಮಲ್ಲಿ ಪದ ಇಲ್ಲವೇ? ಯಕ್ಷಗಾನದಲ್ಲಿ ಭಾಗವತರ ಜಾಗಟೆಗೆ ಚೆಂಡೆ, ಮದ್ದಳೆ, ವೇಷದವನ ಕಾಲು ಎಲ್ಲ ಬಂದು ಕೂಡುವುದಿಲ್ಲವೇ? ‘ಲಯ ಕೂಡುವುದು’ ಅನ್ನಿ.

ಒಂದು ಎಚ್ಚರಿಕೆ ಕೈಪಿಡಿಯಲ್ಲಿ ಇರಲಿ. ಲಯ ಕೂಡಿತು ಅಂದ ಮಾತ್ರಕ್ಕೆ ಮನಸ್ಸು ಕೂಡಿತು ಅಂತ ಅಲ್ಲ. ಇಬ್ಬರೂ ಒಂದೇ ಪೆಟ್ಟು ಕೇಳಿದರೆ ಇಬ್ಬರ ಮೆದುಳೂ ಒಂದೇ ಥರ ಓಗೊಡುತ್ತದೆ. ಚಾಪೆಯಲ್ಲಿ ಕೂತು ಆಟ ನೋಡುವವನದೂ ಕೂಡುತ್ತದೆ, ಅವನೇನು ಮೇಳದವನೇ? ಹಾಗೆಯೇ ಸ್ಕ್ಯಾನಿನಲ್ಲಿ ಅಮಿಗ್ಡಲಾ (ಹೆದರಿಕೆಯ ಜೊತೆ ಹೆಸರು ಕೇಳುವ ಮೆದುಳಿನ ಭಾಗ) ಹೊಳೆಯಿತು, ಆದ್ದರಿಂದ ನೌಕರ ಹೆದರಿದ ಅನ್ನುವುದೂ ತಲೆಕೆಳಗಿನ ಲೆಕ್ಕ. ಅದು ಬೇರೆ ಕಾರಣಕ್ಕೂ ಹೊಳೆಯುತ್ತದೆ. 2009ರಲ್ಲಿ ಒಂದು ಸತ್ತ ಸಾಲ್ಮನ್ ಮೀನನ್ನು ಯಂತ್ರದಲ್ಲಿಟ್ಟು ಮನುಷ್ಯರ ಫೋಟೋ ತೋರಿಸಿದರು. ಅಂಕಿಅಂಶ ಸರಿಮಾಡದೆ ಬಿಟ್ಟರೆ ಅದರ ತಲೆಯಲ್ಲೂ ಚುಕ್ಕಿ ಹೊಳೆಯಿತು. ‘ಅರಿಮೆ’ ಅನ್ನುವಷ್ಟು ಗಟ್ಟಿ ಹೆಸರು ಈ ತರಬೇತಿಗೆ ಜಾಸ್ತಿಯೇ ಆಯಿತು.

ಅಂದ ಹಾಗೆ, ಅಮಿಗ್ಡಲಾ ಅಂದರೆ ಗ್ರೀಕಿನಲ್ಲಿ ಬಾದಾಮಿ. ಅದನ್ನು ಕನ್ನಡ ಮಾಡಬೇಡಿ, ಚಾಲುಕ್ಯರು ಬರುತ್ತಾರೆ.

— ಮಣಿಪಾಲ

•

ಸತ್ತ ಮೀನಿನ ವಿಷಯ ಬಂತಲ್ಲ, ನಾನೂ ಒಂದು ಮಾತು ಹೇಳುತ್ತೇನೆ. ಪರ್ಸಿನ್ ಬೋಟಿನಲ್ಲಿ, ಅಂದರೆ ಮೀನಿನ ಹಿಂಡಿಗೆ ಸುತ್ತ ಬಲೆ ಬಿಡುವ ದೊಡ್ಡ ಬೋಟಿನಲ್ಲಿ, ಇಪ್ಪತ್ತೈದು ಮೂವತ್ತು ಜನ ಇರುತ್ತಾರೆ. ಬಲೆ ಬಿಡುವ ಗಳಿಗೆ ಹೇಳುವವನು ಒಬ್ಬನೇ, ತಾಂಡೇಲ. ಅವನಿಗೆ ಯಾರೂ ನಾಯಕ ಅನ್ನುವುದಿಲ್ಲ, ಮುಂದಾಳು ಅನ್ನುವುದಿಲ್ಲ. ‘ತಾಂಡೇಲನ ತಲೆ’ ಅಂತ ಬ್ಯಾನರ್ ಹಾಕಿ, ಮಲ್ಪೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

— ಮಲ್ಪೆ

•

ತಾಂಡೇಲ ಕನ್ನಡವಲ್ಲ. ಮರಾಟಿಯಲ್ಲಿದೆ, ಗುಜರಾತಿನ ಮೀನುಗಾರರಲ್ಲೂ ಇದೆ.

— ಮೂಡುಬಿದಿರೆ

•

ಇದ್ದರೆ ಎಂತ ಮಾರಾಯ್ರೆ? ಕಡಲಿನ ಪದ ಬಂದರಿನಿಂದ ಬಂದರಿಗೆ ಹೋಗುತ್ತದೆ. ನೀವು ಬರೆದ ‘ವರುಶ’ ಎಲ್ಲಿಂದ ಬಂತು? ಷ ತೆಗೆದು ಶ ಹಾಕಿದ ಕೂಡಲೆ ಅದು ದ್ರಾವಿಡವಾಯಿತೋ?

— ಮಲ್ಪೆ

•

ಸಾಲ ತಂದ ಪದದ ಬಗ್ಗೆ ಉಡುಪಿಯಲ್ಲಿ ಜಗಳ ಮಾಡುವುದೇ ತಮಾಷೆ. 1928ರಲ್ಲಿ ಇಲ್ಲಿನ ಬ್ಯಾಂಕು ಪಿಗ್ಮಿ ಡಿಪಾಸಿಟ್ ಶುರು ಮಾಡಿತು, ದಿನಕ್ಕೆ ಎರಡಾಣೆ. ಇವತ್ತಿಗೂ ಮೀನು ಮಾರುವ ಹೆಂಗಸು “ಪಿಗ್ಮಿಯವ ಬಂದ” ಅನ್ನುತ್ತಾಳೆ. ಆಗ ನಮ್ಮಂಥವರು ಕಮಿಟಿ ಮಾಡಿ ಕೂತಿದ್ದರೆ ಅದು ‘ವಾಮನ ಠೇವಣಿ’ ಆಗುತ್ತಿತ್ತು, ಒಂದಾಣೆಯೂ ಬೀಳುತ್ತಿರಲಿಲ್ಲ. ನ್ಯೂರೋಲೀಡರ್‌ಶಿಪ್ ಅಂತಲೇ ಬಿಡಿ.

— ಕಾರ್ಕಳ

•

ಪಿಗ್ಮಿ ಹೆಸರು. ಇದು ಅರಿಮೆಯ ಪದ. ಎರಡನ್ನೂ ಕಲಸಬೇಡಿ.

— ಮೂಡುಬಿದಿರೆ

•

ಸ್ನಾವನ್ ವಿಚಾರ ನಾನು ಒಪ್ಪಿಲ್ಲ. ಬೇರೆ ಪತ್ರದಲ್ಲಿ ವಿವರವಾಗಿ ಬರೆಯುತ್ತೇನೆ.

— ಮಂಗಳೂರು, ಕೊಡಿಯಾಲಬೈಲು

•

ಬೇಡ.

— ಸುರತ್ಕಲ್

•

ಎಲ್ಲರಿಗೂ ಥ್ಯಾಂಕ್ಸ್. ಬ್ಯಾನರ್ ಅಚ್ಚಾಯಿತು. ದೊಡ್ಡದಾಗಿ ‘ಮುಂದಾಳು, ತಂಡ, ಮೆದುಳು’. ಕೆಳಗೆ ಸಣ್ಣದಾಗಿ ‘ನ್ಯೂರೋಲೀಡರ್‌ಶಿಪ್ ತರಬೇತಿ’, ಅದು ಸಂಘದ ಸೆಕ್ರೆಟರಿಯವರ ಹಟ. ಕೈಪಿಡಿಗೆ ಮಣಿಪಾಲದವರ ‘ಜೊತೆಸ್ಕ್ಯಾನ್’, ‘ಲಯ ಕೂಡುವುದು’ ಎರಡನ್ನೂ ತೆಗೆದುಕೊಂಡೆ. ಎಚ್ಚರಿಕೆಯ ಪ್ಯಾರಾವನ್ನೂ ಸೇರಿಸಿದ್ದೇನೆ, ಮೀನಿನ ಸಮೇತ. ತಾಂಡೇಲ ಮೊದಲ ಪಾಠದ ಉದಾಹರಣೆಯಲ್ಲಿ ಬರುತ್ತಾನೆ.

ಸ್ಟೆತಸ್ಕೋಪ್ ತೆಗೆಸಿದೆ. ಆ ಜಾಗದಲ್ಲಿ ಹುಡುಗ ಬಲ್ಬ್ ಉರಿಯುವ ತಲೆಯ ಚಿತ್ರ ಹಾಕಿದ್ದಾನೆ. ನೋಡುವಷ್ಟರಲ್ಲಿ ಪ್ರಿಂಟ್ ಅರ್ಧ ಹೊರಗೆ ಬಂದಿತ್ತು. ಅವನ ಅಮ್ಮನಿಗೆ ಯಾವ ಡಾಕ್ಟ್ರ ಹತ್ತಿರ ಹೋಗಬೇಕು ಅಂತ ಹೇಳಿ ಬಂದಿದ್ದೇನೆ.

— ಉಡುಪಿ

•

ಮಿದುಳು.

— ಮೂಡುಬಿದಿರೆ