ಪದಚರ್ಚೆ: ಕಾಂಪೊಸಿಟ್ ಲೆಕ್ಕದಲ್ಲಿ ‘ಗಟ್ಟಿತನ’, ‘ಮಾತೃಕೆ’, ‘ಮಾದರಿ’

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಪಾಠ ಸಿದ್ಧವಾಗುತ್ತಿದೆ. ಗಾಜಿನ ನಾರು ಮತ್ತು ಎಪಾಕ್ಸಿ ರೆಸಿನ್ (ಗಟ್ಟಿಯಾಗುವ ಅಂಟು) ಸೇರಿಸಿ ಮಾಡುವ ಕಾಂಪೊಸಿಟ್ ಹಲಗೆ ಎಷ್ಟು ಭಾರಕ್ಕೆ ಎಷ್ಟು ಹಿಗ್ಗುತ್ತದೆ, ಯಾವಾಗ ಮುರಿಯುತ್ತದೆ ಎಂಬುದನ್ನು ಹಲಗೆ ಮಾಡುವ ಮೊದಲೇ ಲೆಕ್ಕದಿಂದ ತಿಳಿಯುವುದು ಹೇಗೆ ಎಂಬುದು ವಿಷಯ. ಮೂರು ಕಡೆ ತೊಡಕಾಗಿದೆ.

ಸ್ಟಿಫ್‌ನೆಸ್ (ಹಿಗ್ಗಲು ಒಪ್ಪದ ಗುಣ), ಸ್ಟ್ರೆಂತ್ (ಮುರಿಯದ ಗುಣ) ಎರಡಕ್ಕೂ ಕರಡಿನಲ್ಲಿ ‘ಗಟ್ಟಿತನ’ ಎಂದೇ ಬಂದಿದೆ. ಸಂದರ್ಭ ನೋಡಿ ಓದುಗರು ತಿಳಿದುಕೊಳ್ಳುತ್ತಾರೆಂದು ಬಿಡಬಹುದೇ? ಇನ್ನು ಮ್ಯಾಟ್ರಿಕ್ಸ್: ನಾರುಗಳನ್ನು ಹಿಡಿದಿಡುವ ರೆಸಿನ್ನಿಗೂ ಅದೇ ಹೆಸರು, ಪದರಗಳ ಲೆಕ್ಕದಲ್ಲಿ ಬರುವ ಅಂಕಿಗಳ ಚೌಕಕ್ಕೂ ಅದೇ ಹೆಸರು. ಎರಡಕ್ಕೂ ‘ಮಾತೃಕೆ’ ಎಂದರೆ ಒಂದೇ ವಾಕ್ಯದಲ್ಲಿ ಎರಡು ಮಾತೃಕೆಗಳು ಬರುತ್ತವೆ. ಕಡೆಯದು ‘ಮಾದರಿ’. ಕಂಪ್ಯೂಟರಿನಲ್ಲಿ ಕಟ್ಟಿದ್ದೂ ಮಾದರಿ, ಯಂತ್ರಕ್ಕೆ ಸಿಕ್ಕಿಸಿ ಎಳೆಯುವ ತುಂಡೂ ಮಾದರಿ. “ಮಾದರಿಯ ಗಟ್ಟಿತನ ಮಾದರಿಗಿಂತ ಹೆಚ್ಚು ಬಂತು” ಎಂಬ ವಾಕ್ಯವನ್ನು ಬಿಡಿಸುವುದು ಹೇಗೆ?

ಉತ್ತರ

ಹಾಗೇ ಬಿಡಬಾರದು. ಸಂದರ್ಭವೂ ಇಲ್ಲಿ ಕೈಹಿಡಿಯುವುದಿಲ್ಲ, ಏಕೆಂದರೆ ಎರಡು ಗುಣಗಳಿಗೂ ಅಳತೆಯ ಮಾನ ಪ್ಯಾಸ್ಕಲ್ಲೇ. “ಹಲಗೆಯ ಗಟ್ಟಿತನ 39 ಗಿಗಾಪ್ಯಾಸ್ಕಲ್” ಎಂದೂ “ಗಟ್ಟಿತನ 1 ಗಿಗಾಪ್ಯಾಸ್ಕಲ್” ಎಂದೂ ಒಂದೇ ಹಲಗೆಯ ಬಗ್ಗೆ ಬರೆಯಬಹುದು, ಎರಡೂ ಸರಿಯೇ ಇರಬಹುದು. ಹಿಗ್ಗಲು, ಬಾಗಲು ಒಪ್ಪದ ಗುಣಕ್ಕೆ ‘ಪೆಡಸುತನ’ ಎನ್ನಿ. ಮುರಿಯದೆ ತಡೆದುಕೊಳ್ಳುವ ಗುಣಕ್ಕೆ ‘ತಾಳಿಕೆ’ ಎನ್ನಿ. ಬಹುಕಾಲ ಉಳಿಯುವ ಗುಣಕ್ಕೆ ‘ಬಾಳಿಕೆ’ ಹೇಗೂ ಇದೆ. ತಾಳಿಕೆ ಅದರ ಪಕ್ಕದಲ್ಲಿ ಚೆನ್ನಾಗಿ ಕೂರುತ್ತದೆ. ‘ಬಲ’, ‘ಶಕ್ತಿ’ ಬೇಡ, ಭೌತವಿಜ್ಞಾನದಲ್ಲಿ ಅವಕ್ಕೆ ಬೇರೆ ಕೆಲಸವಿದೆ.

ಈ ಎರಡು ಗುಣಗಳನ್ನು ಊಹಿಸುವ ದಾರಿಯೇ ಬೇರೆ ಬೇರೆ. ಇ-ಗಾಜಿನ (ಸಾಮಾನ್ಯವಾಗಿ ಬಳಸುವ ಗಾಜಿನ ಬಗೆ) ನಾರಿನ ಪೆಡಸುತನ 72 ಗಿಗಾಪ್ಯಾಸ್ಕಲ್, ಎಪಾಕ್ಸಿಯದು 3.5 ಎಂದಿಟ್ಟುಕೊಳ್ಳಿ. ಹಲಗೆಯ ಗಾತ್ರದಲ್ಲಿ ನಾರಿನ ಪಾಲು 0.523, ನಾರುಗಳೆಲ್ಲ ಒಂದೇ ದಿಕ್ಕಿಗೆ. ನಾರಿನುದ್ದಕ್ಕೆ ಎಳೆದರೆ ಎರಡೂ ಒಟ್ಟಿಗೆ ಸಮನಾಗಿ ಹಿಗ್ಗುತ್ತವೆ: 0.523 × 72 + 0.477 × 3.5, ಅಂದರೆ 39.3. ಒಂದರ ಹಿಂದೊಂದು ನಿಂತು ಒಂದೇ ಒತ್ತಡ ಹೊತ್ತರೆ ಪಾಲುಗಳನ್ನು ಪೆಡಸುತನದಿಂದ ಭಾಗಿಸಿ ಕೂಡಿ, ಆ ಮೊತ್ತದಿಂದ 1ನ್ನು ಭಾಗಿಸಬೇಕು, 7.0 ಬರುತ್ತದೆ. ಫೋಗ್ಟ್ 1889ರಲ್ಲಿ, ರಾಯ್ಸ್ 1929ರಲ್ಲಿ ಹರಳುಗಳ ರಾಶಿಗೆಂದು ಕೊಟ್ಟ ಲೆಕ್ಕಗಳಿವು. ಮೊದಲನೆಯದು ಮೇಲ್ಮಿತಿ, ಎರಡನೆಯದು ಕೆಳಮಿತಿ ಎಂದು ಹಿಲ್ 1952ರಲ್ಲಿ ತೋರಿಸಿದರು. ಅಡ್ಡಕ್ಕೆ ಎಳೆದಾಗ ನಿಜ ಬೆಲೆ ಕೆಳಮಿತಿಗಿಂತ ಸಾಕಷ್ಟು ಮೇಲಿರುತ್ತದೆ. ಇದನ್ನು ಅಂದಾಜಿಸುವ ಹಾಲ್ಪಿನ್–ತ್ಸಾಯ್ ಸೂತ್ರದಲ್ಲಿ, ನಾರಿನ ಆಕಾರಕ್ಕೆ ತಕ್ಕಂತೆ ಹಾಕುವ ಅಂಕಿಯನ್ನು 2 ಎಂದಿಟ್ಟರೆ 12.2 ಸಿಗುತ್ತದೆ, ಕೆಲಸಕ್ಕೆ ಇದು ಸಾಕು.

ತಾಳಿಕೆಗೆ ಇಂಥ ಸರಾಸರಿ ನಡೆಯುವುದಿಲ್ಲ. ಅಲ್ಲಿ ಎಲ್ಲಕ್ಕಿಂತ ಸೋತ ಜಾಗವೇ ತೀರ್ಮಾನಿಸುತ್ತದೆ. ಇದೇ ಹಲಗೆಯಲ್ಲಿ ನಾರುಗಳು ಚೌಕದ ಜೋಡಣೆಯಲ್ಲಿದ್ದರೆ ನಾರಿನ ಅಡ್ಡಳತೆ ಚೌಕದ ಬದಿಯ 0.816 ಭಾಗ; ಎರಡು ನಾರುಗಳ ನಡುವೆ ರೆಸಿನ್ನಿಗೆ ಉಳಿಯುವುದು 0.184 ಮಾತ್ರ. ಅಡ್ಡಕ್ಕೆ ಎಳೆದಾಗ ಗಾಜು ಹೆಚ್ಚುಕಡಿಮೆ ಹಿಗ್ಗುವುದಿಲ್ಲ, ಹಿಗ್ಗುವ ಹೊರೆಯೆಲ್ಲ ಆ ಸಣ್ಣ ಸಂದಿಯ ಮೇಲೆ ಬೀಳುತ್ತದೆ. ಅಲ್ಲಿನ ಹಿಗ್ಗು ಹಲಗೆಯ ಸರಾಸರಿಯ ನಾಲ್ಕೂವರೆ ಪಟ್ಟು. ಒಂಟಿಯಾಗಿ ಶೇ. 4 ಹಿಗ್ಗಬಲ್ಲ ಎಪಾಕ್ಸಿ, ಹಲಗೆಯೊಳಗೆ ಶೇ. 0.9ಕ್ಕೇ ಬಿರುಕು ಬಿಡಬೇಕಾಗುತ್ತದೆ. ನಾರುಗಳು ಒಂದಕ್ಕೊಂದು ತಾಗಿರುವ ಕಡೆ, ಗಾಳಿಗುಳ್ಳೆ ಇರುವ ಕಡೆ ಅದಕ್ಕೂ ಬೇಗ. ಆದ್ದರಿಂದ ಒಂದೇ ನಾರಿನ ಚೌಕವನ್ನು ಕಂಪ್ಯೂಟರಿನಲ್ಲಿ ಕಟ್ಟಿದರೆ ಪೆಡಸುತನ ಸರಿಸುಮಾರಾಗಿ ಸಿಗುತ್ತದೆ, ತಾಳಿಕೆ ಹೆಚ್ಚಾಗಿ ತೋರುತ್ತದೆ. ತಾಳಿಕೆ ಬೇಕಿದ್ದರೆ ಅಡ್ಡಾದಿಡ್ಡಿ ಹರಡಿದ ಹತ್ತಾರು ನಾರುಗಳ ತುಣುಕು ಬೇಕು. ಪಾಠದಲ್ಲಿ ಇಷ್ಟನ್ನು ಹೇಳಲು ಎರಡು ಪದ ಇಲ್ಲದೆ ಆಗದು.

ಮಾತೃಕೆಯನ್ನು ಗಣಿತಕ್ಕೇ ಬಿಡಿ. ಕಾರ್ಖಾನೆಯಲ್ಲಿ ಎಲ್ಲರೂ ‘ರೆಸಿನ್’ ಎನ್ನುತ್ತಾರೆ, ನಿಮ್ಮ ಪಾಠಕ್ಕೆ ಅದೇ ಸಾಕು. ಅಲ್ಯುಮಿನಿಯಮ್ಮಿನಲ್ಲಿ ಸಿಲಿಕಾನ್ ಕಾರ್ಬೈಡ್ ಕಣ ಸೇರಿಸಿದಾಗ ಮಾತ್ರ ರೆಸಿನ್ ಎನ್ನಲಾಗದು. ಅಲ್ಲಿಗೆ ‘ಒಡಲು’ ಹೊಂದುತ್ತದೆ. ನಾರಿಗೆ ‘ಎಳೆ’ ಎನ್ನದಿರುವುದು ಒಳ್ಳೆಯದು. ಪುಟದ ತುಂಬ ಎಳೆಯುವ ಮಾತೇ ಇರುವಾಗ “ಎಳೆ ಎಳೆದಾಗ” ಎಂದು ಓದಬೇಕಾಗುತ್ತದೆ.

ಕಂಪ್ಯೂಟರಿನದು ‘ಮಾದರಿ’, ಯಂತ್ರಕ್ಕೆ ಸಿಕ್ಕಿಸುವುದು ‘ಪರೀಕ್ಷಾ ಪಟ್ಟಿ’. ಎಎಸ್‌ಟಿಎಂ ಡಿ3039 ಎಂಬ ಮಾನಕ ಪರೀಕ್ಷೆಯಲ್ಲಿ ನಾರಿನುದ್ದಕ್ಕೆ ಎಳೆಯಲು ಸೂಚಿಸಿರುವ ತುಂಡು 250 ಮಿ.ಮೀ. ಉದ್ದ, 15 ಮಿ.ಮೀ. ಅಗಲ, 1 ಮಿ.ಮೀ. ದಪ್ಪ. ಅದು ಪಟ್ಟಿಯೇ. ಹಲಗೆಯ ಪರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ಚಿಕ್ಕ ಘನಕ್ಕೆ ‘ಪ್ರಾತಿನಿಧಿಕ ತುಣುಕು’ ಎನ್ನಬಹುದು. ಹಾಗಾದರೆ ನಿಮ್ಮ ವಾಕ್ಯ: “ಮಾದರಿ ಕೊಟ್ಟ ಪೆಡಸುತನ ಪರೀಕ್ಷಾ ಪಟ್ಟಿಯದಕ್ಕಿಂತ ಹೆಚ್ಚು ಬಂತು.” ಹೀಗಾಗಲು ಕಾರಣಗಳಲ್ಲಿ ಒಂದು, ತುಣುಕಿನ ಎದುರುಬದುರು ಮುಖಗಳನ್ನು ಚಪ್ಪಟೆಯಾಗಿಯೇ ಇರಬೇಕೆಂದು ಕಟ್ಟಿಹಾಕುವುದು. ಕತ್ತರಿಯಂತೆ ಜಾರಿಸುವ ಹೊರೆಯಲ್ಲಿ ಮುಖ ಡೊಂಕಾಗಬೇಕು, ಆದರೆ ಎರಡು ಮುಖಗಳೂ ಒಂದೇ ರೀತಿ ಡೊಂಕಾಗಬೇಕು. ಇದಕ್ಕಾಗಿ, ಲೆಕ್ಕಕ್ಕೆಂದು ತುಣುಕನ್ನು ಸಣ್ಣ ಭಾಗಗಳಾಗಿ ಒಡೆಯುವ ಜಾಲದ ಬಿಂದುಗಳು ಎದುರುಬದುರು ಮುಖಗಳಲ್ಲಿ ಒಂದಕ್ಕೊಂದು ಸರಿಯಾಗಿ ಎದುರಾಗಿರಬೇಕು.

ನೀವು ಕೇಳದ ಇನ್ನೊಂದು ಪದ ಇದಕ್ಕಿಂತ ಅಪಾಯದ್ದು: ‘ನಾರಿನ ಪ್ರಮಾಣ’. ತೂಕದ ಪ್ರಮಾಣವೋ ಗಾತ್ರದ ಪ್ರಮಾಣವೋ? ಗಾಜಿನ ಪಟ್ಟಿಯ ಒಂದು ತುಂಡನ್ನು ಕುಲುಮೆಯಲ್ಲಿ ಸುಮಾರು 565 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ರೆಸಿನ್ ಹೋಗಿ ಗಾಜು ಉಳಿಯುತ್ತದೆ. 10 ಗ್ರಾಮಿನಲ್ಲಿ 7 ಗ್ರಾಮ್ ಉಳಿದರೆ ತೂಕಪಾಲು 0.70. ಗಾಜಿನ ಸಾಂದ್ರತೆ ಘನ ಸೆಂ.ಮೀ.ಗೆ 2.55 ಗ್ರಾಮ್, ಎಪಾಕ್ಸಿಯದು 1.2 ಆದ್ದರಿಂದ ಗಾತ್ರಪಾಲು 0.523 ಮಾತ್ರ. ಸೂತ್ರಕ್ಕೆ ಬೇಕಾದದ್ದು ಗಾತ್ರಪಾಲು. 0.70 ಹಾಕಿದರೆ 39.3ರ ಬದಲು 51.5 ಬರುತ್ತದೆ. ‘ತೂಕಪಾಲು’, ‘ಗಾತ್ರಪಾಲು’ ಎಂದು ಮೊದಲ ಪುಟದಿಂದಲೇ ಬೇರೆ ಮಾಡಿ.

ಇನ್ನೊಂದು ಉತ್ತರ

ತಾಳಿಕೆಗೆ ನನ್ನ ಒಪ್ಪಿಗೆಯಿದೆ. ‘ಪೆಡಸು’ ಎಂದರೆ ಕೆಲವರಿಗೆ ಬಾಗಿಸಿದರೆ ಮುರಿಯುವಂಥದ್ದು ಎಂಬ ಭಾವವೂ ಬರುತ್ತದೆ. ಉಕ್ಕು ಪೆಡಸೂ ಹೌದು, ಸುಲಭವಾಗಿ ಮುರಿಯದು ಎಂದು ಮೊದಲ ಸಲ ಬಳಸುವಲ್ಲೇ ಹೇಳಿಬಿಡಿ. ನಾರು ಮತ್ತು ರೆಸಿನ್ನನ್ನು ಲೆಕ್ಕದಲ್ಲಿ ಒಂದೇ ವಸ್ತುವಾಗಿ ನೋಡುವುದಕ್ಕೆ ‘ಏಕರೂಪೀಕರಣ’ ಎಂದು ಬರೆದರೆ, ಎಲ್ಲ ದಿಕ್ಕಿಗೂ ಗುಣ ಒಂದೇ ಎಂದು ಓದುಗರು ತಿಳಿಯುವುದುಂಟು. ಗಾಜಿನ ನಾರಾದರೂ ತಾನಾಗಿ ಎಲ್ಲ ದಿಕ್ಕಿಗೂ ಒಂದೇ. ಕಾರ್ಬನ್ ನಾರು ಹಾಗಲ್ಲ: ಟಿ300 ಎಂಬ ಕಾರ್ಬನ್ ನಾರಿನ ಪೆಡಸುತನ ಉದ್ದಕ್ಕೆ 230 ಗಿಗಾಪ್ಯಾಸ್ಕಲ್, ಅಡ್ಡಕ್ಕೆ ಸುಮಾರು 15. ಪಾಠದ ಕೋಷ್ಟಕದಲ್ಲಿ ‘ಉದ್ದ ಪೆಡಸುತನ’, ‘ಅಡ್ಡ ಪೆಡಸುತನ’ ಎಂದು ಎರಡು ಕಾಲಂ ಇಡಿ, ಗಾಜಿಗೆ ಎರಡರಲ್ಲೂ 72 ಎಂದೇ ಬರೆದರೂ ಸರಿ.